ಚಂಪಿ ಎಂಬ ಎರಡಕ್ಷರ

"ಗುರುಗಳೇ, ತೀರಿಹೋದ ತಂಗಿ ಬರೆದ ಕಾಗದವನ್ನು ದಿನವೂ ಬಿಚ್ಚಿ ಓದುತ್ತೇನೆ. ಮಡಿಕೆಯಲ್ಲಿ ಹರಿಯತೊಡಗಿದೆ. ಇನ್ನು ತೆಗೆಯದೆ ಕಟ್ಟಿಟ್ಟುಬಿಡಲೇ?" ಎಂದು ಶಿಷ್ಯನೊಬ್ಬ ಕೇಳಿದ.

"ಕಟ್ಟಿಡುವುದೇನು ದೊಡ್ಡ ವಿದ್ಯೆಯೇ? ಮೊದಲು ಕೂತುಕೋ" ಎಂದು ಗದರಿ ಗುರುಗಳು ಈ ಕತೆ ಹೇಳಿದರು.

ಒಬ್ಬ ಸಂಶೋಧಕನಿದ್ದ. ಕರೆಂಟು ಹೋದರೂ ಬರೆದದ್ದನ್ನು ಮರೆಯದ ವಸ್ತುವೊಂದನ್ನು ಕಂಪ್ಯೂಟರಿಗೆ ಮಾಡಿಕೊಡಬೇಕೆಂಬುದೇ ಅವನ ಹಂಬಲ. ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ. ವಿದ್ಯುತ್ತಿನ ಒಂದು ಪೆಟ್ಟು ಕೊಟ್ಟರೆ ಅದರೊಳಗೆ ದಾರಿ ತೆರೆಯುತ್ತದೆ. ದಿಕ್ಕು ತಿರುಗಿಸಿ ಕೊಟ್ಟರೆ ಮುಚ್ಚುತ್ತದೆ. ತೆರೆದ ದಾರಿ, ಮುಚ್ಚಿದ ದಾರಿ, ಬರವಣಿಗೆಯೆಂದರೆ ಇಷ್ಟೇ. ಹನ್ನೆರಡು ವರ್ಷದಲ್ಲಿ ಸುಟ್ಟುಹೋದ ಪದರಗಳಿಗೆ ಲೆಕ್ಕವಿಲ್ಲ. ಕೊನೆಗೆ ಒಂದು ಚಿಪ್ ಕೈಗೂಡಿತು. ಅದರಲ್ಲಿ ಒಂದೇ ಮಾತು ಬರೆದ. ಅದೇ ವಾರ ತೀರಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು.

ಅವನ ಹೆಂಡತಿಯೂ ಅದೇ ಪ್ರಯೋಗಶಾಲೆಯವಳು. ಚಿಪ್ ಓದಿದಳು. "ಚಂಪಿ" ಎಂದಿತ್ತು. ಊರಿಗೆಲ್ಲ ಅವಳು ಚಂಪಕಾವತಿ. ಚಂಪಿ ಎನ್ನುತ್ತಿದ್ದವನು ಅವನೊಬ್ಬನೇ.

ಆ ಕೆಲಸದವರಲ್ಲಿ ಒಂದು ಕಟ್ಟಳೆಯುಂಟು. ಬರೆದದ್ದು ಎಷ್ಟು ಕಾಲ ನಿಲ್ಲುತ್ತದೆಂದು ನೋಡಲು ಚಿಪ್ಪನ್ನು ಬೇಗ ಹಳತಾಗಲೆಂದು ಓವನ್ನಿನ ಬಿಸಿಯಲ್ಲಿಟ್ಟು, ತಿಂಗಳಿಗೊಮ್ಮೆ ಮಾತ್ರ ಓದಬೇಕು. ಓದುವುದಕ್ಕೂ ಚೂರು ವಿದ್ಯುತ್ತು ಹಾಯಿಸಬೇಕಲ್ಲ, ಪ್ರತಿ ಓದಿಗೂ ಒಳಗಿನ ದಾರಿ ಕೊಂಚ ಕದಲುತ್ತದೆ. ಅವಳಿಗೆ ಇದು ಗೊತ್ತಿರಲಿಲ್ಲವೇ? ಬೇರೆಯವರಿಗೆ ಕಲಿಸಿದವಳೇ ಅವಳು! ಆದರೂ ದಿನವೂ ಬೆಳಿಗ್ಗೆ ಬಂದು ಓದಿದಳು. ಕೆಲವು ದಿನ ಹತ್ತು ಸಲ ಓದಿದಳು. ಅವನು ಬೇಕು ಅನ್ನಿಸಿದಾಗಲೆಲ್ಲ ಓದಿದಳು. ಬೇಕು ಅನ್ನಿಸದ ಗಳಿಗೆಯೇ ಇರಲಿಲ್ಲ. ಎರಡನೆಯ ವರ್ಷ ಒಂದು ದಿನ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳು ಬಂದವು. ಅಲ್ಲೇ ಕುಸಿದು ಕೂತು ಅತ್ತಳು.

ಜೊತೆಯ ಕೆಲಸದವನೊಬ್ಬ ಮರುಗಿದ. "ಅಳಬೇಡಿ ಮೇಡಂ, ಒಂದು ಕ್ಷಣದಲ್ಲಿ ಮತ್ತೆ ಬರೆದುಕೊಡುತ್ತೇನೆ."

"ಬೇಡಪ್ಪ" ಎಂದಳು ಅವಳು. "ಆಗ ಅದು ನೀನು ಬರೆದದ್ದಾಗುತ್ತದೆ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರಿಟ್ಟ. "ಅಯ್ಯೋ ಪಾಪ. ಕಟ್ಟಳೆಯಂತೆ ಓದದೆ ಇಟ್ಟಿದ್ದರೆ ಆ ಹೆಸರು ಉಳಿಯುತ್ತಿತ್ತು."

"ಉಳಿಯುತ್ತಿತ್ತು ತಮ್ಮಾ, ಆದರೆ ಅಷ್ಟು ದಿನ ಅದು ಯಾರನ್ನು ಕರೆಯುತ್ತಿತ್ತು?"