ಪಾತ್ರೆ ವ್ಯಾಪಾರಿಯ ಕೊನೆಯ ಮೀನು

“ಗುರುಗಳೇ, ಮನಸ್ಸು ತಿಳಿಯಾಗಲೆಂದು ಹಿಂದಿನದನ್ನೆಲ್ಲ ತೊಳೆದುಹಾಕಿದೆ. ತಾಯಿ ಬರೆದ ಕಾಗದಗಳನ್ನು ಒಡೆಯದೆಯೇ ಒಲೆಗೆ ಹಾಕುತ್ತಿದ್ದೇನೆ. ಆದರೂ ನೆಮ್ಮದಿಯಿಲ್ಲ. ಇನ್ನೇನು ತೊಳೆಯಲಿ?”

ಕೇಳಿದವನು ಮಠಕ್ಕೆ ಸೇರಿ ಆರು ತಿಂಗಳಾಗಿದ್ದ ನಿಜಗುಣ. ಅವನ ಜೋಳಿಗೆಯಿಂದ ಒಡೆಯದ ಕಾಗದದ ತುದಿಯೊಂದು ಇಣುಕುತ್ತಿತ್ತು. ಗುರುಗಳು ಅದನ್ನು ನೋಡಿಯೂ ನೋಡದಂತೆ ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಹಿತ್ತಾಳೆ ಪಾತ್ರೆಯ ವ್ಯಾಪಾರಿ. ಪ್ರತಿ ಶುಕ್ರವಾರ ಮನೆಯ ಪಾತ್ರೆಗಳನ್ನೆಲ್ಲ ಹುಣಿಸೆಹಣ್ಣು ಹಚ್ಚಿ ಮುಖ ಕಾಣುವಂತೆ ಉಜ್ಜುವುದು ಅವನ ಮನೆತನದ ಪದ್ಧತಿ. ಎಲ್ಲಿಯಾದರೂ ಕಲೆ ಕಂಡರೆ ಆ ಮಹಾರಾಯನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಅವನ ತಾಯಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದರು. ಮಾತೂ ಬಿಟ್ಟರು. ಬೇಸರ ಕಳೆಯಲೆಂದು ಅವನು ಮಂಚದೆದುರು ಗಾಜಿನ ತೊಟ್ಟಿಯೊಂದನ್ನಿಟ್ಟ. ತಳಕ್ಕೆ ನುಣುಪು ಕಲ್ಲು ಹಾಸಿದ, ನೀರು ಸೋಸಲು ಸ್ಪಂಜು ಇಟ್ಟ, ಆರು ಮೀನು ಬಿಟ್ಟ. ಮುದುಕಿ ಮೀನುಗಳಿಗೆ ಒಂದೊಂದು ಹೆಸರಿಟ್ಟು ಮಾತಿಗೆ ತೊಡಗಿದರು.

ಶುಕ್ರವಾರ ಬಂತು. ಹುಟ್ಟುಗುಣ ಸುಟ್ಟರೂ ಹೋಗದು. ವ್ಯಾಪಾರಿ ಮೀನುಗಳನ್ನು ಬಕೆಟಿಗೆ ಬಿಟ್ಟು ತೊಟ್ಟಿಯ ನೀರನ್ನೆಲ್ಲ ಚೆಲ್ಲಿದ. ಕಲ್ಲನ್ನೂ ಸ್ಪಂಜನ್ನೂ ಕುದಿಯುವ ನೀರಲ್ಲಿ ಅದ್ದಿ ತೆಗೆದ. ಗಾಜು ಉಜ್ಜಿ, ನಲ್ಲಿಯ ಹೊಸ ನೀರು ತುಂಬಿ ಮೀನುಗಳನ್ನು ಮತ್ತೆ ಬಿಟ್ಟ. ತೊಟ್ಟಿ ಫಳಫಳ ಹೊಳೆಯಿತು. ಎರಡೇ ದಿನದಲ್ಲಿ ಎರಡು ಮೀನು ಸತ್ತವು. ಎಲ್ಲೋ ಕೊಳೆ ಉಳಿದಿರಬೇಕೆಂದು ಮುಂದಿನ ವಾರ ಇನ್ನೂ ಗಟ್ಟಿಯಾಗಿ ಉಜ್ಜಿದ. ಮತ್ತೆ ಮೂರು ಸತ್ತವು. ಉಳಿದದ್ದು ಕೆಂಚ ಎಂಬ ಒಂದು ಕೆಂಪು ಮೀನು. ಅದೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ತಾಯಿ ಗೋಡೆಯ ಕಡೆ ತಿರುಗಿ ಮಲಗಿದರು, ಗಂಜಿಯನ್ನೂ ಒಂದೆರಡು ಗುಟುಕಿಗಿಂತ ಹೆಚ್ಚು ಕುಡಿಯಲಿಲ್ಲ.

ವ್ಯಾಪಾರಿಗೆ ಕೈಕಾಲು ಆಡಲಿಲ್ಲ. ಮೀನು ಮಾರಿದ ಹೆಂಗಸಿನ ಅಂಗಡಿಗೆ ಓಡಿ, ಎಷ್ಟು ಚೊಕ್ಕವಾಗಿಟ್ಟರೂ ಹೀಗಾಯಿತೆಂದು ಗೋಳಾಡಿದ.

ಆಕೆ ತಲೆ ಚಚ್ಚಿಕೊಂಡಳು. “ಅಯ್ಯೋ ಯಜಮಾನ್ರೇ, ಆ ಕಲ್ಲು, ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡ್ಕೊಂಡಿರ್ತವೆ. ಮೀನಿನ ಹೊಲಸು ನೀರನ್ನ ವಿಷ ಮಾಡದ ಹಾಗೆ ಕಾಯೋದೇ ಅವು. ವಾರವಾರ ಬಿಸಿನೀರು ಹುಯ್ದು ನೀವು ಅವನ್ನ ಕೊಲ್ತಿದ್ದೀರಿ.”

“ಮತ್ತೆ ಗಲೀಜಲ್ಲೇ ಬಿಡ್ಲಾ ತಾಯಿ?”

“ಕಾಲು ಭಾಗ ನೀರು ಮಾತ್ರ ತೆಗೀರಿ. ಒಂದು ದಿನ ಬಕೆಟಿನಲ್ಲಿಟ್ಟು ನಲ್ಲಿಯ ಔಷಧದ ಘಾಟು ಹೋದ ನೀರನ್ನ ಮೆಲ್ಲಗೆ ಸೇರಿಸಿ. ಹೊರಗೆ ತೆಗೆದ ಹಳೇ ನೀರಲ್ಲೇ ಸ್ಪಂಜನ್ನ ಹಿಂಡಿ. ಈಗ ಇದನ್ನ ತಗೊಂಡೋಗಿ ತೊಟ್ಟಿಗೆ ಹಾಕಿ.” ಆಕೆ ತನ್ನ ತೊಟ್ಟಿಯಿಂದ ಕಂದುಬಣ್ಣಕ್ಕೆ ತಿರುಗಿದ ಲೋಳೆ ಲೋಳೆ ಸ್ಪಂಜೊಂದನ್ನು ತೆಗೆದು ಕೊಟ್ಟಳು.

ಅಂಥ ಕೊಳಕನ್ನು ಅವನು ಜನ್ಮದಲ್ಲಿ ಕೈಯಲ್ಲಿ ಹಿಡಿದವನಲ್ಲ. ಮುಖ ಸಿಂಡರಿಸಿಕೊಂಡೇ ತಂದು ತೊಟ್ಟಿಗೆ ಹಾಕಿದ. ಹೇಳಿದಷ್ಟೇ ನೀರು ಬದಲಿಸುತ್ತ ಬಂದ. ನೀರು ಮೊದಲು ಮಬ್ಬಾಯಿತು. ಶುಕ್ರವಾರ ಕೈ ತುರಿಸಿದಾಗ ಒಲೆಯ ಮೇಲಿನ ಹಂಡೆಯನ್ನೇ ಎರಡು ಸಲ ಬೆಳಗಿದ.

ಸ್ಪಂಜು ತಂದ ಮೇಲಿನ ಮೂರನೆಯ ಶುಕ್ರವಾರದ ಹೊತ್ತಿಗೆ ನೀರು ತಾನಾಗಿಯೇ ತಿಳಿಯಾಗಿತ್ತು. ಕಲ್ಲಿನ ಮೇಲೆ ತೆಳ್ಳಗೆ ಪಾಚಿ ಹಿಡಿದಿತ್ತು. ಅವನು ಚಿಟಿಕೆ ತಿಂಡಿ ಹಾಕಿದ. ಕೆಂಚ ತಳದಿಂದ ಚಿಮ್ಮಿ ಬಂದು ಕಚ್ಚಿತು.

“ಲೋ ಮಗಾ, ಕೆಂಚ ತಿಂದ ಕಣೋ!” ಎಂದರು ಇತ್ತ ತಿರುಗಿದ್ದ ತಾಯಿ. “ನಂಗೂ ಒಂದ್ಲೋಟ ಗಂಜಿ ಕೊಡು.”

ವ್ಯಾಪಾರಿ ಅಲ್ಲೇ ನೆಲದ ಮೇಲೆ ಕುಸಿದು ಕುಳಿತ. ನಗುವೂ ಅಳುವೂ ಒಟ್ಟಿಗೇ ಬಂದವು. ಮೂರು ವಾರದಿಂದ ಎದೆಯ ಮೇಲಿದ್ದ ಬಂಡೆ ಇಳಿದಿತ್ತು.

ಕತೆ ಮುಗಿಯಿತು. ನಿಜಗುಣನೂ ಉಸಿರು ಬಿಟ್ಟ. “ಸದ್ಯ, ಒಂದಾದರೂ ಉಳಿಯಿತಲ್ಲ ಗುರುಗಳೇ!”

“ನಿನ್ನ ಜೋಳಿಗೆಯಲ್ಲೂ ಒಂದು ಉಳಿದಿದೆ, ಒಡೆದು ಓದು” ಎಂದರು ಗುರುಗಳು.

ನಿಜಗುಣನ ಕೈ ಮೆಲ್ಲಗೆ ಜೋಳಿಗೆಗೆ ಹೋಯಿತು.