ಗಾದ್ರವ್ವನ ಆಟದಲ್ಲಿ ಸತ್ತ ರಾಜ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಲೆಕ್ಕ ಹಾಕಲು ಕೂತವರ ಹಲ್ಲೇ ಉದುರಿಹೋಗುವಷ್ಟು ಹಿಂದೆ, ಗೂಡಿನಹಟ್ಟಿ ಅಂತ ಒಂದು ಊರಿತ್ತು. ಊರ ತುಂಬ ಸುಣ್ಣದ ಗೂಡುಗಳು. ಗುಡ್ಡದಿಂದ ಕಲ್ಲು ತರೋದು, ಗೂಡಿಗೆ ತುಂಬಿ ಸುಡೋದು, ಸುಟ್ಟ ಕಲ್ಲಿಗೆ ತೊಟ್ಟಿಯಲ್ಲಿ ನೀರು ಹಾಕಿ ಅರಳಿಸೋದು, ಇದೇ ಬಾಳು. ಸುತ್ತಲ ಸೀಮೆಯ ಗೋಡೆಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಹೊಳೆಸಿದವರ ಕಣ್ಣು ಮಾತ್ರ ಒಂದೊಂದೇ ಆರುತ್ತಿದ್ದವು. ಸುಟ್ಟ ಕಲ್ಲಿಗೆ ನೀರು ಬಿದ್ದರೆ ಅದು ಸಿಡಿಯುತ್ತೆ. ಕಣ್ಣಿಗೆ ಸಿಡಿದರೆ ಆಮೇಲೆ ಯಾವ ದೇವರಿಗೆ ದೀಪ ಹಚ್ಚಿದರೂ ಆ ದೀಪ ಬೇರೆಯವರಿಗೇ ಕಾಣಬೇಕು.

ಕಣ್ಣು ಹೋದವರನ್ನು ಊರು ಏನು ಮಾಡುತ್ತಿತ್ತು? ಬಿದ್ದುಹೋದ ಹಳೇ ಗೂಡಿನ ಪಕ್ಕ ಒಂದು ಕಟ್ಟೆ ಇತ್ತು. ಬೆಳಿಗ್ಗೆ ತಂದು ಅಲ್ಲಿ ಕೂರಿಸೋದು, ಸಂಜೆ ಕರಕೊಂಡು ಹೋಗೋದು, ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ. ಹಪ್ಪಳಕ್ಕಾದರೂ ಕಾಗೆ ಬಂದೀತು ಅಂತ ಕಾವಲಿರುತ್ತೆ. ಇವರಿಗೆ ಅದೂ ಇರಲಿಲ್ಲ.

ಗಾದ್ರವ್ವ ಪಾಲಯ್ಯನ ಹೆಂಡತಿ. ಗಟ್ಟಿ ಹೆಂಗಸು, ಗಟ್ಟಿ ಗಂಟಲು. ಒಂದು ದಿನ ಗಂಡ ಹೆಂಡತಿ ಇಬ್ಬರೇ ತೊಟ್ಟಿ ಹತ್ತಿರ ಇದ್ದಾಗ ಇವಳ ಮುಖಕ್ಕೆ ಸುಣ್ಣ ಎರಚಿತು. ಕಾಲು ಜಾರಿತು ಅಂತ ಪಾಲಯ್ಯ ಊರಿಗೆಲ್ಲ ಹೇಳಿದ. ಜಾರಿದ್ದು ಯಾರ ಕಾಲೋ, ಮೇಲ್ಗೂಡಿನ ಸಾಕಿಯ ಹೊಸಲು ದಾಟಿ ದಾಟಿ ಯಾರ ಕಾಲು ಸವೆದಿತ್ತೋ, ನಮಗ್ಯಾಕೆ ಊರ ಉಸಾಬರಿ. ಗಾದ್ರವ್ವನ ಕಣ್ಣಿನ ಉರಿ ಆರುವ ಮುಂಚೆ ಸಾಕಿ ಬಂದು ಆ ಮನೆಯ ಒಲೆ ಹಚ್ಚಿದಳು ಅನ್ನೋದು ಮಾತ್ರ ನಿಜ ಅಂತಾರೆ.

ಹಾಗೆ ಗಾದ್ರವ್ವ ಕಟ್ಟೆಗೆ ಬಂದಳು. ಅಲ್ಲಿ ಮೂವರಿದ್ದರು. ಒಬ್ಬ ಕೆಂಚಜ್ಜ, ಬಾಯಲ್ಲಿ ಹಲ್ಲಿಲ್ಲದಿದ್ದರೂ ಚೇಷ್ಟೆ ಬಿಡದವನು. ಒಬ್ಬಳು ದುರುಗಿ, ಮದುವೆ ಗೊತ್ತಾಗಿದ್ದಾಗಲೇ ಕಣ್ಣು ಕಳಕೊಂಡವಳು. ಇನ್ನೊಬ್ಬ ಚಿತ್ತಯ್ಯ.

ಚಿತ್ತಯ್ಯ ಅಂದರೆ ಯಾರು! ಬಯಲಾಟದಲ್ಲಿ ರಾಜನ ವೇಷ ಕಟ್ಟಿ ನಿಂತರೆ ಮೂರು ಊರಿನ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರಂತೆ. ಒಂದು ಸಲ ರಂಗದ ಮೇಲೆ ರಾಜ ಸತ್ತು ಬಿದ್ದಿದ್ದಾಗ ಇವನ ತೊಡೆಗೆ ಚೇಳು ಕಚ್ಚಿತಂತೆ. ಮಂಗಳ ಹಾಡುವ ತನಕ ಒಂದು ರೆಪ್ಪೆ ಅಲುಗಲಿಲ್ಲವಂತೆ. ಆಮೇಲೆ ಎದ್ದು, ಸತ್ತ ರಾಜ ಚೇಳಿಗೆ ಹೆದರುತ್ತಾನಾ ಅಂದನಂತೆ. ಈ ಕಥೆಯನ್ನು ಅವನು ಕಟ್ಟೆ ಮೇಲೆ ಎಷ್ಟು ಸಲ ಹೇಳಿದ್ದನೋ, ಆ ಚೇಳಿಗೇ ಬೇಜಾರಾಗಿರಬೇಕು. ಕಣ್ಣು ಹೋದ ಮೇಲೆ ಮೇಳದವರು ಅವನ ಕಿರೀಟ ಬೇರೆ ತಲೆಗೆ ಇಟ್ಟರು. ಕುಣಿಯುವಾಗ ಉರಿಯೋ ಪಂಜಿನ ಮೇಲೆ ಬಿದ್ದರೆ ಯಾರು ನೋಡಿಕೊಳ್ಳೋದು ಅಂದರು. ಅವತ್ತಿಂದ ಚಿತ್ತಯ್ಯ ಊಟ ಬಿಟ್ಟ. ಬಾವಿ ಎಷ್ಟು ದೂರ ಅಂತ ಬಂದು ಹೋದವರನ್ನೆಲ್ಲ ಕೇಳೋಕೆ ಶುರುಮಾಡಿದ.

ಬಾವಿಯ ಮಾತು ಗಾದ್ರವ್ವನ ಕಿವಿಗೂ ಬಿತ್ತು. ಅವಳಂದಳಂತೆ, "ಲೋ ಚಿತ್ತಯ್ಯ, ವೇಷ ಮೈಗೇ ಯಾಕೋ ಬೇಕು? ಬಾಯಿಗೆ ಹಾಕ್ಕೊ."

ಹೀಗೆ ಹುಟ್ಟಿತು ಆಟ. ಒಬ್ಬರು ಹಾದಿ ಹೇಳಬೇಕು, ಉಳಿದವರು ಒಂದೊಂದು ವೇಷ ತಗೊಂಡು ಆ ಹಾದಿ ನಡೆಯಬೇಕು. ಕೂತಲ್ಲಿಂದ ಯಾರೂ ಏಳೋ ಹಾಗಿಲ್ಲ. ಹಾದಿ ಹೇಳುವವಳು ಗಾದ್ರವ್ವ. ಮುಂದೆ ಹಳ್ಳ ಇದೆ, ನೀರಿನ ಸದ್ದು ಎಡಕ್ಕೆ, ಕಾಲ ಕೆಳಗೆ ಪಾಚಿ, ಎಲ್ಲೋ ಹಸೀ ಸೌದೆ ಹೊಗೆ ನಾರುತ್ತಿದೆ, ಏನು ಮಾಡ್ತೀರಿ ಅನ್ನೋಳು. ಬಣ್ಣದ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಕೆಂಚಜ್ಜ ಯಾವಾಗಲೂ ಕಳ್ಳ. ದುರುಗಿ ದೋಣಿಯವಳು, ದಡ ಮುಟ್ಟಿಸುವಾಗ ಒಬ್ಬೊಬ್ಬರನ್ನೂ ಬೈದೇ ಇಳಿಸೋಳು. ಚಿತ್ತಯ್ಯ ರಾಜ, ಇನ್ನೇನಾದಾನು.

ಗೆದ್ದರೋ ಸೋತರೋ ಹೇಳೋಕೆ ಕವಡೆ. ಮರದ ಅಗಲ ಮರಿಗೆಯ ತಳಕ್ಕೆ ಒದ್ದೆ ಮರಳು ಹಾಸಿ ಅದರೊಳಗೆ ಕವಡೆ ಎಸೆಯೋದು. ಮರಳಲ್ಲಿ ಬಿದ್ದ ಕವಡೆ ಉರುಳೋದಿಲ್ಲ, ಬಿದ್ದ ಹಾಗೇ ಕೂರುತ್ತೆ. ಬೆರಳ ತುದಿ ಇಟ್ಟರೆ ಗೊತ್ತಾಗುತ್ತೆ, ಹಲ್ಲು ಸಿಕ್ಕರೆ ಅಂಗಾತ, ಗೆಲುವು; ನುಣ್ಣಗಿದ್ದರೆ ಬೋರಲು, ಸೋಲು. ಎಲ್ಲರ ಬೆರಳೂ ಮುಟ್ಟುವ ತನಕ ಯಾರೂ ಬಾಯಿ ಬಿಡಬಾರದು. ಕಣ್ಣಿದ್ದವರು ಕೂರಬೇಕು ಅಂದರೆ ಕೂರಲಿ, ಕಣ್ಣಿಗೆ ಬಟ್ಟೆ ಬಿಗಿಯಲಿ. ತೆರೆದ ಕಣ್ಣು ಕಟ್ಟೆ ಹತ್ತಬಾರದು.

ಇನ್ನೊಂದು ಕಟ್ಟಲೆ ಇತ್ತು. ಅದನ್ನು ಹಾಕಿದವನು ಚಿತ್ತಯ್ಯನೇ ಅಂತಾರೆ. ಆಟದಲ್ಲಿ ಸತ್ತವರು ಆಟ ಮುಗಿಯುವ ತನಕ ಉಸಿರೆತ್ತಬಾರದು. ಅವರನ್ನು ಯಾರೂ ಮುಟ್ಟಬಾರದು, ಮಾತಾಡಿಸಬಾರದು. ಸತ್ತ ಮೇಲೂ ಹರಟುತ್ತಾ ಕೂತರೆ ಅದು ಸಾವಲ್ಲ, ಸಂತೆ, ಅನ್ನುತ್ತಿದ್ದನಂತೆ.

ಚಿತ್ತಯ್ಯ ಮತ್ತೆ ಉಂಡ. ಬಾವಿಯ ದಾರಿ ಮರೆತ. ಅವನ ಗಂಟಲು ಏರಿದರೆ ಗೂಡಿಗೆ ಸೌದೆ ಹಾಕುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಅಮಾವಾಸ್ಯೆ ಬಂದರೆ ಗೂಡು ಆರಿಸುತ್ತಿದ್ದರು. ಅವತ್ತು ಊರ ಅರ್ಧ ಜನ ಕಣ್ಣಿಗೆ ಬಟ್ಟೆ ಬಿಗಿದು ಕಟ್ಟೆಗೆ ಬರೋರು, ನಾನು ಸೆಟ್ಟಿ, ನಾನು ಮಂತ್ರವಾದಿ ಅಂತ. ಕುರುಡರನ್ನು ಒಣಹಾಕಿದ್ದ ಕಟ್ಟೆಗೆ ಈಗ ಜಾಗ ಹಿಡಿಯೋಕೆ ಜಗಳ.

ಆದರೆ ಊರ ಬಾಯಿಗೆ ಮುಚ್ಚಳ ಇದೆಯಾ? ಅಗಸೆಬಾಗಿಲ ರುದ್ರಿ ಅಂತ ಒಬ್ಬಳಿದ್ದಳು. ಅವಳ ನಾಲಿಗೆಗೆ ಎಲುಬಿರಲಿಲ್ಲ, ಕಣ್ಣಿಗೆ ಬಿಗಿದ ಬಟ್ಟೆಗೂ ಬಿಗಿ ಇರಲಿಲ್ಲ. ಅವಳು ಒಂದು ಸಂಗತಿ ಗಮನಿಸಿದಳು. ಎಲ್ಲರೂ ಒಂದಲ್ಲ ಒಂದು ಆಟದಲ್ಲಿ ಸತ್ತಿದ್ದಾರೆ. ಕೆಂಚಜ್ಜನಂತೂ ಸಾಯದ ಸಾವಿಲ್ಲ. ರಾಜ ಮಾತ್ರ ಇನ್ನೂ ಸತ್ತಿಲ್ಲ. ಕವಡೆ ಕೆಟ್ಟದಾಗಿ ಬಿದ್ದರೆ ಚಿತ್ತಯ್ಯ, "ಇನ್ನೊಂದು ಸಲ ಎಸೀತೀನಿ ಕಣೆ ಗಾದ್ರಿ," ಅನ್ನೋನು. ಗಾದ್ರವ್ವ, "ಎಸಿ, ಸಾಯಿ ಅತ್ಲಾಗೆ," ಅನ್ನೋಳು. ಎಸೆದು ಬದುಕೋನು.

ಬಾವಿಗೆ ಹೋಗಬೇಕಿದ್ದವನು ಕಟ್ಟೆಯಲ್ಲಾದರೂ ರಾಜನಾಗಿ ಬದುಕಲಿ ಅಂತ ಅವಳ ಲೆಕ್ಕ. ರುದ್ರಿಯ ಲೆಕ್ಕ ಬೇರೆ. ನಲ್ಲಿಯಿಲ್ಲದ ಊರು, ಮಾತೆಲ್ಲ ಬಾವಿಕಟ್ಟೆಯಲ್ಲೇ ಹುಟ್ಟಬೇಕು. ಅಲ್ಲಿ ಅವಳಂದಳು, "ರಾಜ ಸಾಯಲ್ಲ ಕಣ್ರೇ, ರಾಣಿ ಬಿಡಲ್ಲ." ಬಿಂದಿಗೆ ಮನೆ ಮುಟ್ಟುವಷ್ಟರಲ್ಲಿ ಮಾತಿಗೆ ಕೈಕಾಲು ಬಂದಿತ್ತು. ಪಾಲಯ್ಯ, ಆ ಪಾಲಯ್ಯ, ಸಾಕಿಯ ಕೈಯ ಮುದ್ದೆ ನುಂಗುತ್ತಾ, ನನ್ನ ಮಾನ ಹೋಯ್ತು ಅಂತ ಅತ್ತನಂತೆ. ಕಟ್ಟೆ ಒಡೆಸ್ತೀನಿ ಅಂದನಂತೆ.

ಒಡೆದರೆ ಎಲ್ಲರೂ ಮತ್ತೆ ಹಪ್ಪಳ. ಚಿತ್ತಯ್ಯ ಮತ್ತೆ ಬಾವಿ. ಗಾದ್ರವ್ವನಿಗೆ ಇದೇ ಹಗಲೂ ಇರುಳೂ ಕೊರೆಯಿತು. ಆಟದಲ್ಲಿ ಪಕ್ಷಪಾತ ಇಲ್ಲ ಅಂತ ಒಂದು ಸಲ ತೋರಿಸಿಬಿಟ್ಟರೆ ಊರ ಬಾಯಿ ಮುಚ್ಚುತ್ತೆ ಅಂದುಕೊಂಡಳು. ಊರ ಬಾಯಿ ಅಷ್ಟಕ್ಕೆ ಮುಚ್ಚಿದ್ದರೆ ಈ ಕಥೆ ಎಲ್ಲಿಂದ ಬರೋದು, ಹೇಳಿ.

ಅಮಾವಾಸ್ಯೆ ಬಂತು. ಗೂಡು ಆರಿತ್ತು. ಮಧ್ಯಾಹ್ನದ ಬಿಸಿಲು ಇಳಿಯುವಾಗ ಆಟ ಶುರುವಾಯಿತು. ಚಿತ್ತಯ್ಯ ಕಟ್ಟೆಯ ತುದಿಗೆ, ಹಳೇ ಗೂಡಿನ ಕಲ್ಲುಗುಡ್ಡೆಗೆ ಬೆನ್ನು ಕೊಟ್ಟು ಕೂತಿದ್ದ. ಅಲ್ಲಿ ಕೂತರೆ ದನಿ ಚೆನ್ನಾಗಿ ಮೊಳಗುತ್ತೆ ಅಂತ ಅವನ ಹಟ. ಅವತ್ತಿನ ಹಾದಿ ಒಂದು ಕೋಟೆಗೆ. ಸೆರೆ ಸಿಕ್ಕ ದೋಣಿಯವಳನ್ನು ಬಿಡಿಸೋಕೆ ರಾಜನೂ ಕಳ್ಳನೂ ಹೊರಟಿದ್ದರು. ಕೋಟೆ ಬಾಗಿಲಲ್ಲಿ ಕಾವಲಿನವನು ಕತ್ತಿ ಬೀಸಿದ. ರಾಜ ಕವಡೆ ಎಸೆದ. ಬೆರಳುಗಳು ಒಂದೊಂದೇ ಮರಿಗೆಗೆ ಇಳಿದವು. ನುಣ್ಣಗೆ. ನುಣ್ಣಗೆ. ಎಲ್ಲವೂ ಬೋರಲು.

"ಇನ್ನೊಂದು ಸಲ ಎಸೀತೀನಿ ಕಣೆ ಗಾದ್ರಿ."

ಕಟ್ಟೆ ಮೌನವಾಯಿತು. ರುದ್ರಿಯ ಬಳೆ ಸದ್ದೂ ನಿಂತಿತು. ಆ ಮೌನ ಯಾವುದಕ್ಕೆ ಕಾಯುತ್ತಿದೆ ಅಂತ ಗಾದ್ರವ್ವನಿಗೆ ಗೊತ್ತಿತ್ತು.

"ಕವಡೆ ಯಾರ ಗಂಡನೂ ಅಲ್ಲ, ಯಾರ ಮಿಂಡನೂ ಅಲ್ಲ," ಅಂದಳು. "ರಾಜ ಸತ್ತ."

ಚಿತ್ತಯ್ಯ ಬೆನ್ನು ನೆಟ್ಟಗೆ ಮಾಡಿಕೊಂಡ. ಆಮೇಲೆ ಒಂದು ಪದ ಹಾಡಿದ. ರಾಜ ಬೀಳುವಾಗ ಹಾಡುವ ಪದ. ಅಂಥ ದನಿಯನ್ನು ಆ ಊರು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ ಅಂತಾರೆ. ಹಾಡಿ, ಕಲ್ಲುಗುಡ್ಡೆಗೆ ಒರಗಿ, ಸತ್ತ.

ಆಟ ಮುಂದೆ ಹೋಯಿತು. ದೋಣಿಯವಳನ್ನು ಬಿಡಿಸಬೇಕಲ್ಲ. ಕಳ್ಳ ಕೋಟೆ ಹತ್ತಿ ಬಿದ್ದ, ಮತ್ತೆ ಹತ್ತಿದ. ಜನ ನಕ್ಕರು. ಅಷ್ಟರಲ್ಲಿ ಗಾದ್ರವ್ವನ ಕಿವಿಗೆ ಒಂದು ಸದ್ದು ಬಿತ್ತು. ಕಟ್ಟೆಯ ತುದಿಯಲ್ಲಿ ಹಿಮ್ಮಡಿ ನೆಲ ಕೆರೆಯುತ್ತಿತ್ತು. ಕೆರ್, ಕೆರ್. ನಿಂತು, ಮತ್ತೆ ಕೆರ್. ರಾಜನಿಗೆ ಸಿಟ್ಟು ಬಂದಿದೆ ಅಂದುಕೊಂಡಳು. ಸಾಯಿಸಿದ್ದಕ್ಕೆ ಮುನಿಸು, ಆಟ ಕೆಡಿಸೋಕೆ ಕಾಲು ಆಡಿಸುತ್ತಿದ್ದಾನೆ ಅಂದುಕೊಂಡಳು.

"ಸತ್ತ ರಾಜ ಕಾಲು ಆಡಿಸಬಾರದು," ಅಂದಳು.

ಎಲ್ಲರೂ ಗೊಳ್ಳಂತ ನಕ್ಕರು. ಹಿಮ್ಮಡಿ ನಿಂತಿತು.

ಹೊತ್ತು ಮುಳುಗುವಾಗ ದೋಣಿಯವಳು ಬಿಡುಗಡೆಯಾದಳು. ಆಟ ಮುಗೀತು, ಸತ್ತವರೆಲ್ಲ ಏಳಿ ಅಂತ ಗಾದ್ರವ್ವ ಕೂಗಿದಳು. ಸತ್ತ ಸೆಟ್ಟಿ ಎದ್ದ, ಸತ್ತ ಮಂತ್ರವಾದಿ ಎದ್ದ. ರಾಜ ಏಳಲಿಲ್ಲ. ಕೆಂಚಜ್ಜ, "ಎದ್ದೇಳೋ, ಸಾಕು ನಿನ್ನ ಬಿಗುಮಾನ," ಅಂದ. ದುರುಗಿ, "ಮಂಗಳ ಹಾಡ್ರಪ್ಪ, ಹಾಡದೆ ಏಳಲ್ಲ ಅವನು," ಅಂದಳು. ಕಣ್ಣಿನ ಬಟ್ಟೆ ಬಿಚ್ಚದೆಯೇ ನಗುನಗುತ್ತಾ ಮಂಗಳವನ್ನೂ ಹಾಡಿದರು. ಆಮೇಲೆ ಗಾದ್ರವ್ವ ತಡಕಾಡಿಕೊಂಡು ಹೋಗಿ ಅವನ ಕೈ ಮುಟ್ಟಿದಳು.

ಅಲ್ಲಿತನಕ ಗಾದ್ರವ್ವನ ಮುಖವನ್ನೇ ಇಣುಕುತ್ತಿದ್ದ ರುದ್ರಿ ಬಟ್ಟೆ ಕಿತ್ತೆಸೆದು ನೋಡಿ ಚೀರಿದಳು. ಬೆನ್ನ ಹಿಂದಿನ ಕಲ್ಲುಸಂದಿಯಿಂದ ಹಾವು ಬಂದಿತ್ತು. ಮುಂಗೈ ಮೇಲೆ ಹಲ್ಲಿನ ಗುರುತಿತ್ತು. ಬಾಯಲ್ಲಿ ನೊರೆ. ಕಾಲ ಕೆಳಗಿನ ಮಣ್ಣು ಕೆರೆದು ಗುಳಿ ಬಿದ್ದಿತ್ತು.

ಕೂಗಲು ನಾಲಿಗೆ ಏಳದೆ ಹಿಮ್ಮಡಿ ಕೆರೆದ ಅಂತಾರೆ ಕೆಲವರು. ಚೇಳಿಗೆ ಅಲುಗದವನು ಹಾವಿಗೆ ಅಲುಗುತ್ತಾನಾ, ಕಾಲು ತಾನಾಗಿ ಕೆರೆಯಿತು, ಗಾದ್ರಿ ಗದರಿದ ಮೇಲೆ ಅದನ್ನೂ ಬಿಗಿಹಿಡಿದ ಅಂತಾರೆ ಕೆಲವರು. ಬಾವಿಗೆ ಹೋಗೋಕೆ ಆಗದವನನ್ನು ಬಾವಿಯೇ ಹುಡುಕಿಕೊಂಡು ಬಂತು ಅನ್ನೋರೂ ಇದ್ದಾರೆ. ಸತ್ತವನನ್ನು ಕೇಳೋಕಾಗುತ್ತಾ?

ಊರು ಸೇರಿತು. ಮಿಂಡನನ್ನು ತಿಂದುಕೊಂಡಳು, ಕಟ್ಟೆ ಒಡೀರಿ ಅಂತ ಪಾಲಯ್ಯ ಎದೆ ಬಡಿದುಕೊಂಡ. ಹಿರಿಯರು ಹಾರೆ ತರಿಸಿದರು. ಗಾದ್ರವ್ವ ಎದ್ದು ನಿಂತಳು. ಅಳಲಿಲ್ಲ ಅಂತಾರೆ. ಸುಣ್ಣ ಬಿದ್ದ ಕಣ್ಣಿಗೆ ನೀರು ಬರೋದಿಲ್ಲ.

"ಹಿಮ್ಮಡಿ ಸದ್ದು ಕೇಳಿದವಳು ನಾನು. ಮುನಿಸು ಅಂದುಕೊಂಡವಳು ನಾನು. ನನ್ನ ತಲೆ ಒಡೀರಿ, ಕಟ್ಟೆ ಯಾಕೆ ಒಡೀತೀರಿ? ನಾಳೆ ನಿಮ್ಮ ಗೂಡು ಇನ್ನೊಬ್ಬರ ಕಣ್ಣು ತಿನ್ನುತ್ತೆ. ಅವರನ್ನ ಎಲ್ಲಿ ಕೂರಿಸ್ತೀರಿ ಸ್ವಾಮಿ, ನಿಮ್ಮ ಪಡಸಾಲೇಲಾ?"

ಪಡಸಾಲೆ ಅಂದ ಕೂಡಲೇ ಹಿರಿಯರಿಗೆ ಕೆಮ್ಮು ಬಂತು. ಹಾರೆಗಳು ಬಂದ ದಾರಿಯಲ್ಲೇ ಹೋದವು.

ಆಮೇಲೆ ಗಾದ್ರವ್ವ ಹಾದಿ ಹೇಳಲಿಲ್ಲ. ಕವಡೆ, ಮರಿಗೆ ಎರಡನ್ನೂ ದುರುಗಿಯ ಮಡಿಲಿಗೆ ಹಾಕಿದಳು. ಹಳೇ ಕಟ್ಟಲೆ ಮುರಿದು ಹೊಸದು ಹಾಕಿದಳು. ಆಟದಲ್ಲಿ ಸತ್ತವರ ಕೈಯನ್ನು ಒಬ್ಬರು ಹಿಡಿದಿರಬೇಕು. ಸತ್ತವರು ಆಗಾಗ ಬೆರಳ ಗೆಣ್ಣಿನಿಂದ ನೆಲ ತಟ್ಟುತ್ತಿರಬೇಕು. ತಟ್ಟು ನಿಂತರೆ ಆಟ ನಿಲ್ಲಬೇಕು, ಗೆಲ್ಲುವವನು ಗೆಲ್ಲುವ ಹೊತ್ತಾದರೂ ಸರಿಯೇ. ಬದುಕಿರುವ ತನಕ ಆ ಕೈ ಹಿಡಿಯುವವಳು ಅವಳೇ ಆದಳು.

ಪಾಲಯ್ಯನ ಕಣ್ಣಿಗೂ ಸುಣ್ಣ ಸಿಡಿಯಿತು. ಈ ಸಲ ಯಾರ ಕಾಲು ಜಾರಿತೋ, ಸಾಕಿಯನ್ನು ಕೇಳಬೇಕು. ಅವನನ್ನೂ ತಂದು ಕಟ್ಟೆ ಮೇಲೆ ಕೂರಿಸಿದರು. ಮೊದಲ ಆಟದಲ್ಲೇ ಸತ್ತ. ಗಾದ್ರವ್ವ ಹೋಗಿ ಪಕ್ಕ ಕೂತು ಕೈ ಹಿಡಿದಳು. ಆಟ ಮುಗಿಯುವ ತನಕ ಬಿಡಲಿಲ್ಲ. ಹಿಡಿದದ್ದೋ ಹಿಂಡಿದ್ದೋ, ನೋಡೋಕೆ ಅಲ್ಲಿ ತೆರೆದ ಕಣ್ಣಿರಲಿಲ್ಲ. ಪಾಲಯ್ಯ ಮಾತ್ರ ಅವತ್ತು ಮನೆಗೆ ಹೋಗುವಾಗ ನೀರಿಲ್ಲದ ಕಣ್ಣಲ್ಲೇ ಮಗುವಿನ ಹಾಗೆ ಅಳುತ್ತಿದ್ದನಂತೆ.

ಗಾದ್ರವ್ವ ಸಾಯುವಾಗ ದುರುಗಿ ಕೈ ಹಿಡಿದಿದ್ದಳು. ಗೆಣ್ಣು ನೆಲ ತಟ್ಟುತ್ತಲೇ ಇತ್ತು. ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು ತಟ್ಟಿತು ಅಂತಾರೆ. ರುದ್ರಿಯ ಮೊಮ್ಮಕ್ಕಳು ಹೇಳೋದಾದರೆ ಮೂರು ದಿನ ತಟ್ಟಿತು. ಅವರ ವಂಶವೇ ಹಾಗೆ, ಬಿಡಿ.

ಗೂಡಿನಹಟ್ಟಿಯಲ್ಲಿ ಈಗಲೂ ಅಮಾವಾಸ್ಯೆಗೆ ಮರಿಗೆಯಲ್ಲಿ ಮರಳು ಹಾಸುತ್ತಾರೆ. ಕಣ್ಣಿದ್ದವರು ಬಟ್ಟೆ ಬಿಗಿಯುತ್ತಾರೆ. ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು, ರಾಜ ಮಾತ್ರ ಯಾರೂ ಆಗೋದಿಲ್ಲ. ಕಲ್ಲುಗುಡ್ಡೆಯ ಕಡೆ ಒಬ್ಬರ ಜಾಗ ಬಿಟ್ಟೇ ಕೂರುತ್ತಾರೆ.

ಊರಲ್ಲಿ ನಿಜವಾಗಿ ಯಾರಾದರೂ ಸತ್ತರೆ, ಚಟ್ಟ ಎತ್ತುವ ಮುಂಚೆ ಮನೆಯ ಹಿರಿಯರೊಬ್ಬರು ಪಕ್ಕ ಕೂತು ಆ ಕೈಯನ್ನು ಕೈಯಲ್ಲಿ ತಗೊಂಡು, ಗೆಣ್ಣನ್ನು ನೆಲಕ್ಕೆ ತಾಗಿಸಿ, "ಆಟ ಮುಗೀತು, ಏಳು," ಅನ್ನುತ್ತಾರೆ. ಅಳುವವರು ಅಳು ನಿಲ್ಲಿಸಬೇಕು. ಕೂಸಿದ್ದರೆ ಹಾಲು ಕೊಟ್ಟು ಸುಮ್ಮನಾಗಿಸಬೇಕು. ಇದುವರೆಗೆ ಒಬ್ಬರೂ ತಟ್ಟಿಲ್ಲ. ಆದರೂ ಪೂರ್ತಿ ಕಿವಿಗೊಟ್ಟು ಕೇಳಿಯೇ ಚಟ್ಟ ಎತ್ತುತ್ತಾರೆ.