ಬಣ್ಣ ನಿಲ್ಲದ ಮುಖ

"ಗುರುಗಳೇ, ನನ್ನ ಮುಖದಲ್ಲಿ ಎಣ್ಣೆ ಜಿನುಗುತ್ತದೆ. ದಿನಕ್ಕೆ ಏಳು ಸಲ ಸೋಪು ಹಾಕಿ ತೊಳೆಯುತ್ತೇನೆ. ಎಂಟನೆಯ ಸಲ ಯಾವಾಗ ತೊಳೆಯಲಿ?"

ಕೇಳಿದವನು ಮಠಕ್ಕೆ ಹೊಸದಾಗಿ ಸೇರಿದ ಶಿಷ್ಯ. ಅಂದಿನ ಪಾಠ ಆತ್ಮದ ವಿಷಯವಾಗಿತ್ತು. ಉಳಿದವರು ನಗು ತಡೆಯಲಾರದೆ ತಲೆ ತಗ್ಗಿಸಿದರು. ಗುರುಗಳು ಮಾತ್ರ ಅವನನ್ನೇ ನೋಡಿದರು. ಹಣೆ ಮಿರಮಿರ ಮಿಂಚುತ್ತಿತ್ತು. ಮೂಗಿನ ಎರಡೂ ಬದಿ ಕೆಂಪಗೆ ಸುಲಿದಿತ್ತು.

"ಕತೆ ಹೇಳುತ್ತೇನೆ, ಕೂತುಕೋ" ಎಂದರು ಗುರುಗಳು. "ಮೊದಲೇ ಹೇಳಿಬಿಡುತ್ತೇನೆ, ಇದರ ಒಂದೊಂದು ಅಕ್ಷರವೂ ಸತ್ಯ. ಸುಳ್ಳಾದರೆ ನಾಳೆಯಿಂದ ಈ ಪೀಠದ ಮೇಲೆ ನೀನು ಕೂರು, ನಾನು ಕೊಟ್ಟಿಗೆಗೆ ಹೋಗಿ ಸಗಣಿ ಬಾಚುತ್ತೇನೆ. ಈ ಸೀಮೆಯಲ್ಲಿ ನನ್ನಷ್ಟು ಸತ್ಯ ಹೇಳುವವರು ಇನ್ನೊಬ್ಬರಿದ್ದರು. ಅವರೂ ತೀರಿಹೋದರು."

ಹೀಗೆ ಹೇಳಿ ಶಾಲು ಸರಿಮಾಡಿಕೊಂಡು ಕತೆಗೆ ತೊಡಗಿದರು.

ಒಬ್ಬ ಹಗಲುವೇಷದವನಿದ್ದ. ಮುಖಕ್ಕೆ ಬಣ್ಣ ಬಳಿದುಕೊಂಡು, ಹಾಡಹಗಲಲ್ಲೇ ಓಣಿ ಓಣಿ ತಿರುಗಿ, ಮನೆಗಳ ಮುಂದೆ ಕುಣಿದು ಆಟ ತೋರಿಸುವುದು ಅವನ ಕಸುಬು. ರಾಕ್ಷಸನ ವೇಷವನ್ನು ಅವನ ಅಜ್ಜ ಕಟ್ಟಿದ್ದ, ಅಪ್ಪ ಕಟ್ಟಿದ್ದ. ಈಗ ಅವನು ಕಟ್ಟುತ್ತಿದ್ದ. ಕಂಠ ಚೆನ್ನಾಗಿತ್ತು, ಹೆಜ್ಜೆ ಚೆನ್ನಾಗಿತ್ತು. ಮುಖ ಒಂದೇ ಕೈಕೊಡುತ್ತಿತ್ತು.

ಅವನ ಮುಖದ ಎಣ್ಣೆ ಅಂತಿಂಥ ಎಣ್ಣೆಯಲ್ಲ. ಓಣಿಯ ಹೆಂಗಸರು ಅವನ ಹಣೆ ನೋಡಿಕೊಂಡು ಬೊಟ್ಟು ನೇರ ಮಾಡಿಕೊಳ್ಳುತ್ತಿದ್ದರು. ಕೆನ್ನೆಯ ಮೇಲೆ ಕೂತ ನೊಣ ಜಾರಿ ಬೀಳುತ್ತಿತ್ತು. ನಾನೇ ಎರಡು ನೊಣಗಳನ್ನು ಎತ್ತಿ ಹಾರಬಿಟ್ಟಿದ್ದೇನೆ. ಅಂಥ ಮುಖದ ಮೇಲೆ ಬಣ್ಣ ಎಷ್ಟು ಹೊತ್ತು ನಿಂತೀತು? ಮೊದಲ ಮನೆಯ ಮುಂದೆ ಅವನು ರಾಕ್ಷಸ. ಮೂರನೆಯ ಮನೆಯ ಮುಂದೆ ಅಳುವ ರಾಕ್ಷಸ. ಓಣಿ ಮುಗಿಯುವಷ್ಟರಲ್ಲಿ ಕುಂಕುಮದ ಮೂಟೆ ಹೊತ್ತು ಮಳೆಗೆ ಸಿಕ್ಕಿಬಿದ್ದ ಹಮಾಲಿ. ಹೆದರಬೇಕಾದ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮೇಳದ ಯಜಮಾನ ಅವನ ದೊಡ್ಡಪ್ಪ. ಒಂದು ದಿನ ಕರೆದು ಹೇಳಿದ: "ಬರೋ ಸೋಮವಾರ ಸಂತೆಪೇಟ್ಯಾಗ ಆಟ ಐತಿ. ಅಲ್ಲೂ ನಿನ್ನ ರಾಕ್ಷಸ ಕರಗಿದ ಅಂದ್ರ, ವೇಷ ನಿನ್ನ ತಮ್ಮಗ. ನೀ ಹಾರ್ಮೋನಿಯಂ ಹೊತ್ಕೊಂಡು ಹಿಂದ ಹಿಂದ ಬಾ."

ವೇಷಗಾರ ಯೋಚನೆಗೆ ಬಿದ್ದ. ಅಜ್ಜ ಕಟ್ಟಿದ ವೇಷ ತನ್ನ ಕಾಲಕ್ಕೆ ಕೈಬಿಟ್ಟು ಹೋದರೆ ಮನೆಯಲ್ಲಿ ಹೇಗೆ ತಲೆಯೆತ್ತಲಿ? ಮನೆಯಲ್ಲಿ ಹೆಂಡತಿ ಇದ್ದಳು. ಮೂರು ವರ್ಷದ ಮಗಳು ದುರುಗಿ ಇದ್ದಳು. ಲೋಕದಲ್ಲಿ ಅವನ ರಾಕ್ಷಸನನ್ನು ನೋಡಿ ನಗದವಳು ಅವಳೊಬ್ಬಳೇ. ಆಟ ಮುಗಿಸಿ ಬಂದ ಅಪ್ಪನ ತೊಡೆಯ ಮೇಲೆ ಕೂತು, ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಅವಳೇ ಬಣ್ಣ ಒರೆಸುತ್ತಿದ್ದಳು. ಒರೆಸಿದಲ್ಲೆಲ್ಲ ಅಪ್ಪ ಕಾಣಿಸಿಕೊಂಡರೆ ಕೇಕೆ ಹಾಕುತ್ತಿದ್ದಳು.

ಅಂದಿನಿಂದ ವೇಷಗಾರ ಮುಖದ ಮೇಲೆ ಯುದ್ಧ ಸಾರಿದ. ಬೆಳಗಾಗೆದ್ದು ಬಟ್ಟೆ ಸೋಪಿನಿಂದ ತೊಳೆದ. ಒಂದು ತಾಸಿಗೆ ಎಣ್ಣೆ ತಿರುಗಿ ಬಂತು. ಮತ್ತೆ ತೊಳೆದ. ಅರ್ಧ ತಾಸಿಗೇ ಬಂತು. ಕ್ಷೌರದವನು ಪಟಿಕದ ಕಲ್ಲು ತಿಕ್ಕು ಎಂದ, ತಿಕ್ಕಿದ. ಪಾತ್ರೆ ತೊಳೆಯುವವಳು ಹುಣಸೆಹಣ್ಣು ಬೂದಿ ಹಚ್ಚು, ತಾಮ್ರದ ಕೊಡದ ಜಿಡ್ಡೇ ಹೋಗುತ್ತದೆ ಎಂದಳು, ಹಚ್ಚಿದ. ತೊಳೆದಷ್ಟೂ ಎಣ್ಣೆ ಹೆಚ್ಚಾಯಿತು, ಎಣ್ಣೆ ಹೆಚ್ಚಾದಷ್ಟೂ ತೊಳೆದ. ಶನಿವಾರ ನಿಂಬೆಹಣ್ಣು ಹಿಂಡಿ ಇಟ್ಟಿಗೆ ಪುಡಿಯಲ್ಲಿ ಉಜ್ಜಿದ. ಕಣ್ಣಲ್ಲಿ ನೀರು ಬಂತು. ಭಾನುವಾರ ಎಣ್ಣೆ ನಿಂತೇಹೋಯಿತು! ಮುಟ್ಟಿ ನೋಡಿದರೆ ಮುಖ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ವೇಷಗಾರ ಕುಣಿದಾಡಿದ.

ಬಣ್ಣಕ್ಕೆ ಮೊದಲು ಮುಖಕ್ಕೆಲ್ಲ ತೆಳ್ಳಗೆ ಎಣ್ಣೆ ಸವರುವುದು ಆ ಮೇಳದ ಪದ್ಧತಿ. ತಲೆತಲಾಂತರದಿಂದ ಯಾರೂ ಬಿಟ್ಟಿದ್ದಿಲ್ಲ. ಸೋಮವಾರ ಅವನು ಎಣ್ಣೆಯ ಬಟ್ಟಲನ್ನು ಕಾಲಿನಿಂದ ಅತ್ತ ಸರಿಸಿದ. ಶತ್ರುವನ್ನು ಈಗ ತಾನೇ ಹೊರಗಟ್ಟಿದ್ದೇನೆ, ಮತ್ತೆ ಕರೆದು ಮಣೆ ಹಾಕಲೇ? ಬರೀ ಚರ್ಮದ ಮೇಲೆಯೇ ಕೆಂಪು ಬಳಿದ, ಕಪ್ಪು ತೀಡಿದ, ಹಳದಿಯ ಕೋರೆಹಲ್ಲು ಬರೆದ.

ಅವತ್ತಿನ ಆಟವನ್ನು ಕಂಡವರು ಆಮೇಲೆ ಬೇರೆ ಆಟ ನೋಡಲು ಹೋಗಲಿಲ್ಲ. ಒಂದು ಹನಿ ಬಣ್ಣ ಇಳಿಯಲಿಲ್ಲ. ಅವನು ಕಣ್ಣು ಬಿಟ್ಟರೆ ತಕ್ಕಡಿಗಳು ಕೈಯಿಂದ ಬಿದ್ದವು. ಗುಟುರು ಹಾಕಿದರೆ ಸಂತೆಯ ಎಮ್ಮೆಗಳು ಹಗ್ಗ ಕಿತ್ತುಕೊಂಡು ತಮ್ಮ ತಮ್ಮ ಊರು ಸೇರಿದವು. ದೊಡ್ಡಪ್ಪ ಬಂದು ತಬ್ಬಿಕೊಂಡ. ವೇಷ ಉಳಿಯಿತು.

ಸಂಜೆ ಮನೆಗೆ ಬಂದ. ದುರುಗಿ ಎಣ್ಣೆಬಟ್ಟೆ ಹಿಡಿದು ಕಾದಿದ್ದಳು. ತೊಡೆಯೇರಿ ಕೆನ್ನೆ ಒರೆಸಿದಳು. ಬಟ್ಟೆಗೆ ಬಣ್ಣ ಹತ್ತಲಿಲ್ಲ. ಹಣೆ ಒರೆಸಿದಳು. ಹತ್ತಲಿಲ್ಲ. ಬಿರಿದ ಚರ್ಮ ಬಣ್ಣವನ್ನೆಲ್ಲ ಒಳಗೆ ಕುಡಿದುಬಿಟ್ಟಿತ್ತು. ಎರಡೂ ಕೈಯಲ್ಲಿ ಒರೆಸಿದಳು. ಆಮೇಲೆ ಆ ಮುಖವನ್ನೇ ನೋಡಿದಳು. ಅಪ್ಪ ನಕ್ಕ. ಕೋರೆಹಲ್ಲು ಅಗಲವಾಯಿತು.

"ಅವ್ವಾ!" ದುರುಗಿ ಚೀರಿದಳು. "ಇಂವ ಅಪ್ಪನ್ನ ತಿಂದಾನ!"

ಹೆಂಡತಿ ಓಡಿಬಂದಳು. ಕೈಯಲ್ಲಿದ್ದ ಕೊಡ ಬಿತ್ತು. ಮಗುವನ್ನು ಬಾಚಿಕೊಂಡು ಗೋಡೆಗೆ ಒತ್ತಿ ನಿಂತಳು. ವೇಷಗಾರ, "ನಾನs ಅವ್ವಿ, ನಾನs" ಎಂದ. ಅಪ್ಪನ ದನಿ ಆ ಬಾಯಿಂದ ಬಂದದ್ದು ಕೇಳಿ ಮಗು ಇನ್ನಷ್ಟು ನಡುಗಿತು. ಮೂರು ದಿನ ಮಗುವಿಗೆ ಜ್ವರ ಬಿಡಲಿಲ್ಲ. ಅವನು ಬಾಗಿಲಿಗೆ ಬಂದರೆ ಏರುತ್ತಿತ್ತು, ಹೋದರೆ ಇಳಿಯುತ್ತಿತ್ತು. ನಾಲ್ಕನೆಯ ದಿನ ಹೆಂಡತಿ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. "ಮುಖ ತೊಗೊಂಡು ಬರ್ರಿ" ಎಂದಷ್ಟೇ ಹೇಳಿದಳು.

ಮೇಳದಲ್ಲಿ ಬಣ್ಣ ಅರೆಯುವ ಮುದುಕಿಯೊಬ್ಬಳಿದ್ದಳು. ವೇಷಗಾರ ಅವಳ ಮುಂದೆ ಕುಕ್ಕರಿಸಿ, "ಆಯಿ, ಈ ಸಲ ಉಸುಕು ಹಾಕಿ ತಿಕ್ಕಲೇನು?" ಎಂದ.

ಮುದುಕಿ ಅವನ ಕೈಗೆ ಫಟ್ಟನೆ ಹೊಡೆದಳು. "ಮಾರಿ ಅಂದ್ರ ಅಂಗಳ ಅಂತ ತಿಳಿದೀಯೇನೋ, ಕಸಬರಿಗಿ ಹಾಕಾಕ? ಆ ಎಣ್ಣಿ ನಿನ್ನ ತೊಗಲಿನ ಊಟ. ನೀ ತಾಟು ಕಸಗೊಂಡಷ್ಟೂ ಅದು ಹೆದರಿ ಹೆಚ್ಚಿಗಿ ಬಡಿಸ್ಕೊಂತಿತ್ತು. ಮುಂಜಾನೆ ಒಮ್ಮೆ, ಸಂಜಿಗೆ ಒಮ್ಮೆ ತಣ್ಣೀರಾಗ ಚಿಟಿಕಿ ಹೆಸರಹಿಟ್ಟು ಕಲಸಿ ತೊಳಿ. ತಿಕ್ಕಬ್ಯಾಡ, ಒತ್ತಿ ಒರಸು. ಮ್ಯಾಲ ಒಂದೀಟು ಲೋಳಸರ ಸವರು. ಬಿಸಲಾಗ ಹೋಗೂ ಮುಂದ ತಲಿಮ್ಯಾಲ ವಲ್ಲಿ ಹಾಕ್ಕೋ. ಆಮ್ಯಾಲ ಕೈ ಕಟಗೊಂಡು ಕುಂದ್ರು."

"ಅಷ್ಟs?"

"ಕೈ ಕಟಗೊಂಡು ಕುಂದ್ರೂದು ಸಣ್ಣ ಕೆಲಸ ಅಂದ್ಕೊಂಡೀಯೇನು?"

ಅದು ಸಣ್ಣ ಕೆಲಸವಾಗಿರಲಿಲ್ಲ. ಉಜ್ಜಬೇಕೆಂದು ಅವನ ಬೆರಳುಗಳು ತಾವಾಗಿ ಏಳುತ್ತಿದ್ದವು. ರುಮಾಲಿನಿಂದ ತನ್ನ ಕೈಗಳನ್ನು ಕಂಬಕ್ಕೆ ಕಟ್ಟಿಸಿಕೊಂಡ. ಬೆಳಿಗ್ಗೆ ತೊಳೆದ, ಸಂಜೆ ತೊಳೆದ, ಕಾದ. ಮೊದಲು ಹಣೆ ಬಂತು. ಆಮೇಲೆ ಎಡಗೆನ್ನೆ ಬಂತು. ಆಗ ದಾರಿಯಲ್ಲಿ ಎಡಗಡೆಯಿಂದ ಬಂದವರು ನಮಸ್ಕಾರ ಮಾಡುತ್ತಿದ್ದರು, ಬಲಗಡೆಯಿಂದ ಬಂದವರು ಓಡುತ್ತಿದ್ದರು. ಆಗಾಗ ಅವನು ಮಾವನ ಊರಿಗೆ ಹೋಗಿ, ಬಣವೆಯ ಮರೆಯಲ್ಲಿ ನಿಂತು, ಮಗಳು ಆಡುವುದನ್ನು ದೂರದಿಂದ ನೋಡಿ ತಿರುಗಿ ಬರುತ್ತಿದ್ದ. ಹೀಗೆ ನಲವತ್ತು ದಿನ ಕಳೆಯಿತು. ಕೊನೆಯ ಕೋರೆಹಲ್ಲೂ ಅಳಿಸಿಹೋಯಿತು. ಕೆನ್ನೆಯ ಮೇಲೆ ಒಂದಿಷ್ಟೇ ಎಣ್ಣೆ, ಬದುಕಿರುವ ಮುಖಕ್ಕೆ ಎಷ್ಟು ಬೇಕೋ ಅಷ್ಟು, ಮಿನುಗಿತು.

ವೇಷಗಾರ ಒಗೆದ ಅಂಗಿ ತೊಟ್ಟು ಮಾವನ ಮನೆಗೆ ಹೊರಟ. ದಾರಿಯುದ್ದಕ್ಕೂ ಯಾರೂ ಓಡಲಿಲ್ಲ. ಬಾಗಿಲು ತಟ್ಟಿದ. ಬಾಗಿಲು ತೆಗೆದವಳು ದುರುಗಿ. ಮುಖವನ್ನು ಬೆಳಕಿಗೆ ಹಿಡಿದು ನಿಂತ. ದುರುಗಿ ಆ ಮುಖವನ್ನು ಅಂಚಿನಿಂದ ಅಂಚಿನವರೆಗೆ ನೋಡಿದಳು. ಹೆದರಲಿಲ್ಲ. ಚೀರಲಿಲ್ಲ.

"ನೀವ್ಯಾರ್ರಿ?" ಎಂದಳು. "ಅವ್ವ ನೀರಿಗೆ ಹೋಗ್ಯಾಳ. ಕೂಡ್ರಿ, ಬರ್ತಾಳ."

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೂತಲ್ಲಿಂದ ಅರ್ಧ ಎದ್ದಿದ್ದ. "ಇದು ಹೇಗಾದೀತು ಗುರುಗಳೇ? ನಲವತ್ತು ದಿನಕ್ಕೆ ಮಗು ಹೆತ್ತ ತಂದೆಯ ಮುಖ ಮರೆಯುತ್ತದೆಯೇ?"

"ಆ ಲೆಕ್ಕವೊಂದೇ ನಾನು ಸೇರಿಸಿದ್ದು" ಎಂದರು ಗುರುಗಳು. "ನಲವತ್ತು ದಿನವಲ್ಲ, ಒಂಬತ್ತು ವರ್ಷ."